ನಾಲ್ಕೈದು ದಿನದ ಹೂವಿನಲ್ಲಿ ಬಾಳುವ ಮೂತಿಹುಳು: ಎಣ್ಣೆ ತಾಳೆಯ ಪರಾಗಸ್ಪರ್ಶ ನಡೆಯುವ ಬಗೆ

2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು 11,040 ಕೋಟಿ ರೂಪಾಯಿ ವೆಚ್ಚದ ಎಣ್ಣೆ ತಾಳೆ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಹೆಚ್ಚುವರಿಯಾಗಿ 6.5 ಲಕ್ಷ ಹೆಕ್ಟೇರ್‌ನಲ್ಲಿ ಈ ಬೆಳೆಯನ್ನು ಹಬ್ಬಿಸಿ ಒಟ್ಟು ವಿಸ್ತೀರ್ಣವನ್ನು 10 ಲಕ್ಷ ಹೆಕ್ಟೇರ್‌ಗೆ ಮುಟ್ಟಿಸುವುದು ಅದರ ಗುರಿಯಾಗಿತ್ತು. ಅಂದಿನಿಂದ ಸಸಿಯ ಸಹಾಯಧನ, ಹನಿ ನೀರಾವರಿ, ಗೊನೆಯ ಬೆಲೆ, ಕಾರ್ಖಾನೆಯ ದೂರ ಮುಂತಾದ ವಿಷಯಗಳು ರೈತರ ನಡುವೆ ಸಾಕಷ್ಟು ಚರ್ಚೆಯಾಗಿವೆ. ಈ ಚರ್ಚೆಯಲ್ಲಿ ಅಪರೂಪಕ್ಕೆ ಮಾತ್ರ ಹೆಸರು ಕೇಳಿಬರುವ, ಆದರೆ ಗೊನೆ ತುಂಬುವುದೋ ಪೊಳ್ಳಾಗುವುದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವ ಒಂದು ಜೀವಿಯಿದೆ. ಅದು ಮೂರರಿಂದ ನಾಲ್ಕು ಮಿಲಿಮೀಟರ್ ಉದ್ದದ, ಕಂದುಗಪ್ಪು ಬಣ್ಣದ ಒಂದು ಮೂತಿಹುಳು. ವೈಜ್ಞಾನಿಕ ಹೆಸರು ಎಲೈಡೋಬಿಯಸ್ ಕ್ಯಾಮರೂನಿಕಸ್. ಹೆಸರೇ ಹೇಳುವಂತೆ ಇದರ ತವರು ಪಶ್ಚಿಮ ಆಫ್ರಿಕಾದ ಕ್ಯಾಮರೂನ್ ಮತ್ತು ಅದರ ಆಸುಪಾಸಿನ ನಾಡು.

ಎಣ್ಣೆ ತಾಳೆ ನಮ್ಮ ನೆಲಕ್ಕೆ ಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ, ಅದು ಈ ಲೇಖನದ ವಿಷಯವಲ್ಲ. ಇಷ್ಟು ಚಿಕ್ಕ ಕೀಟವೊಂದು ಇಷ್ಟು ದೊಡ್ಡ ಬೆಳೆಗೆ ಹೇಗೆ ಆಧಾರವಾಯಿತು, ಅದು ವಾಸಿಸುವುದೆಲ್ಲಿ, ಅದರ ನೆಲೆ ತಪ್ಪಿದರೆ ಏನಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ಮೊದಲು ಮರದ ವಿಚಾರ

ಕೀಟವನ್ನು ಅರಿಯಬೇಕಾದರೆ ಮರದ ಹೂವನ್ನು ಅರಿಯಬೇಕು. ಎಣ್ಣೆ ತಾಳೆ ಎಂದರೆ ನಮ್ಮ ಬಯಲುಸೀಮೆಯ ತಾಟಿನಿಂಗಿನ ತಾಳೆಮರವಲ್ಲ. ಅದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮೂಲದ, ತೆಂಗಿನ ದೂರದ ನೆಂಟನಾದ ಬೇರೊಂದು ಮರ. ಇದರ ಪ್ರತಿಯೊಂದು ಗರಿಯ ಬುಡದ ಸಂದಿನಲ್ಲಿ ಒಂದು ಹೂಗೊಂಚಲು ಮೂಡುತ್ತದೆ. ತೆಂಗಿನಲ್ಲಿ ಒಂದೇ ಹೊಂಬಾಳೆಯಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಇರುವುದನ್ನು ನಾವು ಕಂಡಿದ್ದೇವೆ. ಎಣ್ಣೆ ತಾಳೆಯಲ್ಲಿ ಹಾಗಲ್ಲ. ಇಲ್ಲಿ ಒಂದು ಗೊಂಚಲು ಪೂರ್ತಿ ಗಂಡಾಗಿರುತ್ತದೆ ಇಲ್ಲವೇ ಪೂರ್ತಿ ಹೆಣ್ಣಾಗಿರುತ್ತದೆ. ಎರಡೂ ಒಂದೇ ಮರದಲ್ಲಿ ಬರುತ್ತವೆ, ಆದರೆ ಸರದಿಯ ಮೇಲೆ ಬರುತ್ತವೆ. ಕೆಲವು ತಿಂಗಳು ಸಾಲಾಗಿ ಗಂಡು ಗೊಂಚಲುಗಳೇ ಮೂಡಿದರೆ, ಮುಂದಿನ ಕೆಲವು ತಿಂಗಳು ಹೆಣ್ಣು ಗೊಂಚಲುಗಳದೇ ಸಾಲು.

ಇದರ ಪರಿಣಾಮವೇನೆಂದರೆ, ಒಂದು ಮರದ ಹೆಣ್ಣು ಹೂ ಅರಳಿ ನಿಂತ ಹೊತ್ತಿಗೆ ಅದೇ ಮರದಲ್ಲಿ ಪರಾಗ ಸಾಮಾನ್ಯವಾಗಿ ಇರುವುದೇ ಇಲ್ಲ. ಪರಾಗವೆಂದರೆ ಗಂಡು ಹೂವಿನ ಧೂಳಿನಂಥ ಪುಡಿ. ಅದು ಹೆಣ್ಣು ಹೂವಿನ ಶಲಾಕೆಯ (ಪರಾಗ ಹಿಡಿಯುವ ಕಡ್ಡಿಯಂಥ ಭಾಗದ) ತುದಿಗೆ ತಲುಪಿ ಅಂಟಿಕೊಳ್ಳುವುದೇ ಪರಾಗಸ್ಪರ್ಶ. ಎಣ್ಣೆ ತಾಳೆಯಲ್ಲಿ ಈ ಪುಡಿ ಇನ್ನೊಂದು ಮರದಿಂದಲೇ ಬರಬೇಕು. ಬರಲು ಇರುವ ಅವಧಿಯೂ ಕಿರಿದು: ಹೆಣ್ಣು ಹೂವು ಪರಾಗವನ್ನು ಸ್ವೀಕರಿಸುವ ಸ್ಥಿತಿಯಲ್ಲಿರುವುದು ಎರಡು ಮೂರು ದಿನ ಮಾತ್ರ. ಆಮೇಲೆ ಕೆನೆ ಬಣ್ಣದ ಶಲಾಕೆಯ ತುದಿ ಕೆಂಪೇರಿ ಒಣಗುತ್ತದೆ. ಒಂದು ಗೊಂಚಲಿನಲ್ಲಿ ಸಾವಿರಕ್ಕೂ ಮಿಕ್ಕಿ ಹೆಣ್ಣು ಹೂಗಳಿರುತ್ತವೆ, ಅವು ಮುಳ್ಳಿನಂಥ ಗಡುಸಾದ ಎಸಳುಗಳ ನಡುವೆ ಒತ್ತೊತ್ತಾಗಿ ಹುದುಗಿರುತ್ತವೆ. ಗಾಳಿಯಲ್ಲಿ ತೇಲಿ ಬಂದ ಪರಾಗ ಹೊರಮೈಯ ಹೂಗಳನ್ನು ಮುಟ್ಟಬಹುದು, ಒಳಗಿನ ಸಾಲುಗಳಿಗೆ ಇಳಿಯುವುದು ಕಷ್ಟ.

ಪರಾಗ ತಲುಪಿದ ಹೂವು ತಿರುಳು ಮತ್ತು ಬೀಜವಿರುವ ಕಾಯಾಗುತ್ತದೆ. ಹೊರಗಿನ ಕಿತ್ತಳೆ ಬಣ್ಣದ ತಿರುಳಿನಿಂದ ತಾಳೆ ಎಣ್ಣೆಯೂ ಒಳಗಿನ ಬೀಜದಿಂದ ತಾಳೆಬೀಜದ ಎಣ್ಣೆಯೂ ಬರುತ್ತವೆ, ಇವೆರಡೂ ಬೇರೆ ಬೇರೆ ಎಣ್ಣೆಗಳು. ಪರಾಗ ತಲುಪದ ಹೂವು ಉದುರಿ ಹೋಗುತ್ತದೆ ಅಥವಾ ಬೀಜವಿಲ್ಲದ ಸಣ್ಣ ಸೊಟ್ಟ ಕಾಯಿಯಾಗಿ ಉಳಿಯುತ್ತದೆ. ಗೊನೆಯಲ್ಲಿನ ಹೂಗಳ ಪೈಕಿ ಎಷ್ಟು ಪಾಲು ನಿಜವಾದ ಕಾಯಾದವು ಎಂಬ ಲೆಕ್ಕಕ್ಕೆ ಕಾಯಿಕಟ್ಟುವಿಕೆಯ ಪ್ರಮಾಣ ಎನ್ನುತ್ತಾರೆ. ಮುಂದೆ ಹೇಳುವ ಕಥೆಯೆಲ್ಲ ಈ ಒಂದು ಪ್ರಮಾಣದ ಸುತ್ತ ನಡೆದದ್ದು.

ಮೂತಿಹುಳು ಎಂದರೇನು

ದುಂಬಿಗಳ ದೊಡ್ಡ ಬಳಗದಲ್ಲಿ ತಲೆಯ ಮುಂಭಾಗ ಉದ್ದವಾಗಿ ಸೊಂಡಿಲಿನಂತೆ ಚಾಚಿಕೊಂಡಿರುವ ಗುಂಪಿಗೆ ಮೂತಿಹುಳು ಎಂಬ ಹೆಸರಿದೆ. ತೆಂಗಿನ ಕಾಂಡವನ್ನು ಕೊರೆದು ಮರವನ್ನೇ ಬೀಳಿಸುವ ಕೆಂಪು ಮೂತಿಹುಳು ನಮ್ಮ ಬೆಳೆಗಾರರಿಗೆಲ್ಲ ಗೊತ್ತು. ಆ ಕುಖ್ಯಾತಿಯ ಕಾರಣದಿಂದಲೇ ತಾಳೆಯ ಹೂವಿನ ಮೇಲೆ ಸಾವಿರಾರು ಮೂತಿಹುಳುಗಳನ್ನು ಕಂಡವರು ಔಷಧಿ ಹೊಡೆಯಲು ಹೊರಡುವುದು ಸಹಜವೇ. ಆದರೆ ಎಲೈಡೋಬಿಯಸ್‌ಗೂ ಕೆಂಪು ಮೂತಿಹುಳುವಿಗೂ ಬದುಕಿನ ರೀತಿಯಲ್ಲಿ ಯಾವ ಹೋಲಿಕೆಯೂ ಇಲ್ಲ. ಇದು ಕಾಂಡವನ್ನಾಗಲಿ ಸುಳಿಯನ್ನಾಗಲಿ ಗರಿಯನ್ನಾಗಲಿ ಕಾಯಿಯನ್ನಾಗಲಿ ಮುಟ್ಟುವುದಿಲ್ಲ.

ಕೈಮಸೂರದಡಿ ಹಿಡಿದು ನೋಡಿದರೆ ಗಂಡು ಹೆಣ್ಣನ್ನು ಗುರುತಿಸಬಹುದು. ಗಂಡು ತುಸು ದೊಡ್ಡದು. ಅದರ ಗಟ್ಟಿ ರೆಕ್ಕೆಹೊದಿಕೆಯ ಬುಡದಲ್ಲಿ ಎರಡು ಚಿಕ್ಕ ಉಬ್ಬುಗಳೂ ಅಂಚಿನುದ್ದಕ್ಕೆ ಕೂದಲಿನ ಸಾಲೂ ಇರುತ್ತವೆ. ಹೆಣ್ಣು ಚಿಕ್ಕದು, ಮೈ ಹೆಚ್ಚು ನುಣುಪು, ಮೂತಿ ಮಾತ್ರ ಗಂಡಿಗಿಂತ ಉದ್ದ. ಈ ಕೂದಲುಗಳಿಗೆ ಪರಾಗದ ಪುಡಿ ಅಂಟಿಕೊಳ್ಳುತ್ತದೆ. ಮೈತುಂಬ ಕೂದಲಿರುವ ಗಂಡು ಹೆಣ್ಣಿಗಿಂತ ಹೆಚ್ಚು ಪರಾಗ ಹೊರುತ್ತದೆ.

ಅದರ ನೆಲೆ: ಕಾಡಿನಂಚು, ಮರ, ಮರದಲ್ಲಿ ಒಂದು ಗೊಂಚಲು

ಒಂದು ಜೀವಿಯ ನೈಸರ್ಗಿಕ ನೆಲೆ ಯಾವುದು ಎಂದರೆ ನಾವು ಸಾಮಾನ್ಯವಾಗಿ ಮಳೆಕಾಡು, ಹುಲ್ಲುಗಾವಲು, ಜೌಗು ಎಂದು ಭೂಭಾಗದ ಹೆಸರು ಹೇಳುತ್ತೇವೆ. ಆ ಅರ್ಥದಲ್ಲಿ ಈ ಮೂತಿಹುಳುವಿನ ನೆಲೆ, ಗಿನಿಯಿಂದ ಹಿಡಿದು ಐವರಿ ಕೋಸ್ಟ್, ಘಾನಾ, ಬೆನಿನ್, ನೈಜೀರಿಯಾ, ಕ್ಯಾಮರೂನ್‌ಗಳ ಮೂಲಕ ಕಾಂಗೋ ಜಲಾನಯನದವರೆಗೆ ಹಬ್ಬಿರುವ ತೇವಭರಿತ ಉಷ್ಣವಲಯ. ಎಣ್ಣೆ ತಾಳೆ ದಟ್ಟ ನೆರಳಿನ ಕಾಡಿನೊಳಗೆ ಚೆನ್ನಾಗಿ ಬೆಳೆಯುವ ಮರವಲ್ಲ. ಅದಕ್ಕೆ ಬೆಳಕು ಬೇಕು. ಹೀಗಾಗಿ ಅದು ಹೊಳೆಯ ದಂಡೆ, ಕಾಡಿನಂಚು, ಕಡಿದು ಬಿಟ್ಟು ಮತ್ತೆ ಚಿಗುರುತ್ತಿರುವ ಜಾಗ, ಊರ ಸುತ್ತಲಿನ ಬಯಲು ಇಂಥಲ್ಲಿ ತೋಪುಗಳಾಗಿ ನಿಂತಿದೆ. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಕಾಡು ಸವರಿ ಬೇಸಾಯ ಮಾಡುವಾಗಲೂ ಈ ಮರವನ್ನು ಕಡಿಯದೆ ಉಳಿಸಿಕೊಂಡು ಬಂದಿದ್ದಾರೆ. ಆದ್ದರಿಂದ ಈ ತೋಪುಗಳು ಪೂರ್ತಿ ಕಾಡೂ ಅಲ್ಲ, ಪೂರ್ತಿ ತೋಟವೂ ಅಲ್ಲ.

ಆದರೆ ಕೀಟದ ಕಡೆಯಿಂದ ನೋಡಿದರೆ ಭೂಭಾಗ ಮುಖ್ಯವೇ ಅಲ್ಲ. ಅದು ಹುಟ್ಟುವುದು, ಉಣ್ಣುವುದು, ಕೂಡುವುದು, ಮೊಟ್ಟೆಯಿಡುವುದು ಎಲ್ಲವೂ ಎಣ್ಣೆ ತಾಳೆಯ ಗಂಡು ಹೂಗೊಂಚಲಿನಲ್ಲಿ. ಅದರ ನಿಜವಾದ ನೆಲೆ ಆ ಗೊಂಚಲೇ.

ಗಂಡು ಗೊಂಚಲನ್ನು ಹತ್ತಿರದಿಂದ ನೋಡಿ. ಬೆರಳಿನಾಕಾರದ ನೂರರಿಂದ ಮುನ್ನೂರು ಕಡ್ಡಿಗಳು ಒಂದು ದಂಟಿನ ಸುತ್ತ ಒತ್ತಾಗಿ ನಿಂತಿರುತ್ತವೆ. ಒಂದೊಂದು ಕಡ್ಡಿಯ ಮೇಲೂ ನೂರಾರು ಪುಟಾಣಿ ಹೂಗಳಿದ್ದು, ದೊಡ್ಡ ಗೊಂಚಲಾದರೆ ಎಲ್ಲ ಸೇರಿ ಒಂದು ಲಕ್ಷವನ್ನೂ ಮೀರುತ್ತವೆ. ಕಡ್ಡಿಯ ಬುಡದ ಹೂಗಳು ಮೊದಲು ಬಿರಿಯುತ್ತವೆ, ಅಲ್ಲಿಂದ ಅರಳುವಿಕೆ ತುದಿಯತ್ತ ಏರುತ್ತದೆ. ನಾಲ್ಕೈದು ದಿನದಲ್ಲಿ ಅದು ಮುಗಿಯುತ್ತದೆ. ಅರಳಿದಷ್ಟು ದಿನ ಗೊಂಚಲು ತಿಳಿಹಳದಿ ಬಣ್ಣದ್ದಾಗಿ, ಸೋಂಪಿನ ಘಾಟು ವಾಸನೆ ಬೀರುತ್ತದೆ. ಈ ವಾಸನೆಗೆ ಕಾರಣ ಎಸ್ಟ್ರಾಗೋಲ್ ಎಂಬ ಆವಿಯಾಗುವ ತೈಲಾಂಶ. ಬಿಸಿಲೇರುತ್ತಿದ್ದಂತೆ ವಾಸನೆ ಹಿಡಿದು ಮೂತಿಹುಳುಗಳು ಹಾರಿ ಬಂದು ಕಡ್ಡಿಗಳ ನಡುವೆ ನುಗ್ಗುತ್ತವೆ. ಒಂದೇ ಗೊಂಚಲಿನ ಮೇಲೆ ಸಾವಿರಾರು ಹುಳುಗಳು ಒಂದರ ಮೇಲೊಂದು ಹರಿದಾಡುವಾಗ ಗೊಂಚಲಿನ ಮೈಯೇ ಕದಲುವಂತೆ ತೋರುತ್ತದೆ, ಕೆಳಗಿನ ಗರಿಯ ಮೇಲೆ ಹಳದಿ ಪುಡಿ ಉದುರುತ್ತಿರುತ್ತದೆ.

ಬೆಳೆದ ಹುಳು ಪರಾಗಕೋಶವನ್ನು ಹೊತ್ತ ಮೆತ್ತನೆಯ ಎಳೆಗಳನ್ನು ಮೇಯುತ್ತದೆ. ಹೆಣ್ಣು ಮೂತಿಯಿಂದ ಹೂವಿನಲ್ಲಿ ರಂಧ್ರ ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆಯೊಡೆದು ಬಂದ ಮರಿಹುಳು, ಅಷ್ಟರಲ್ಲಿ ಬಾಡತೊಡಗಿರುವ ಹೂವಿನ ಒಳಭಾಗವನ್ನು ತಿನ್ನುತ್ತದೆ. ಅದು ಮುಗಿದರೆ ಪಕ್ಕದ ಹೂವಿಗೆ ಕೊರೆದುಕೊಂಡು ಹೋಗುತ್ತದೆ. ಕೊನೆಗೆ ಒಣಗಿದ ಹೂವೊಂದರೊಳಗೇ ಕೋಶಾವಸ್ಥೆ ಕಳೆದು, ಆ ಹೂವಿನ ನೆತ್ತಿಯಲ್ಲಿ ಗುಂಡನೆಯ ತೂತು ಕೊರೆದು ಬೆಳೆದ ಹುಳುವಾಗಿ ಹೊರಬರುತ್ತದೆ. ಮೊಟ್ಟೆಯಿಂದ ಇಲ್ಲಿಯವರೆಗೆ ಸುಮಾರು ಎರಡು ವಾರ. ಕಂದು ಬಣ್ಣಕ್ಕೆ ತಿರುಗಿದ ಹಳೆಯ ಗೊಂಚಲಿನ ಕಡ್ಡಿಯಲ್ಲಿ ಈ ತೂತುಗಳು ಬರಿಗಣ್ಣಿಗೇ ಕಾಣುತ್ತವೆ. ತೋಟದಲ್ಲಿ ಕೀಟ ನೆಲೆಸಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಸುಲಭದ ಗುರುತಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೊರಬಂದ ಹುಳುವಿಗೆ ತಾನು ಹುಟ್ಟಿದ ಗೊಂಚಲು ಇನ್ನು ಉಪಯೋಗಕ್ಕೆ ಬಾರದು, ಅದು ಆಗಲೇ ಒಣಗಿದೆ. ವಾರಕ್ಕೊಂದು ಊರಿನಲ್ಲಿ ನೆರೆಯುವ ಸಂತೆಯನ್ನು ಹಿಂಬಾಲಿಸಿ ಬದುಕುವ ವ್ಯಾಪಾರಿಯಂತೆ, ಅದು ಎಲ್ಲಿ ಹೊಸ ಗಂಡು ಗೊಂಚಲು ಅರಳಿದೆಯೋ ಅಲ್ಲಿಗೆ ಹೋಗಲೇಬೇಕು. ನೆಲೆ ಹೀಗೆ ದಿನದಿನಕ್ಕೆ ಜಾಗ ಬದಲಿಸುವುದರಿಂದ ಕೀಟ ಮರದಿಂದ ಮರಕ್ಕೆ ಸದಾ ಸಂಚರಿಸುತ್ತಿರುತ್ತದೆ. ಸಂಚರಿಸುವಾಗ ಅದರ ಮೈಮೇಲೆ ಪರಾಗವಿರುತ್ತದೆ.

ಹೆಣ್ಣು ಹೂವಿನಲ್ಲಿ ಏನೂ ಇಲ್ಲದಿದ್ದರೂ ಹೋಗುವುದೇಕೆ

ಹೆಣ್ಣು ಗೊಂಚಲಿನಲ್ಲಿ ಹುಳುವಿಗೆ ಆಹಾರವಿಲ್ಲ, ಮೊಟ್ಟೆಯಿಡಲು ತಕ್ಕ ಜಾಗವೂ ಇಲ್ಲ. ಆದರೂ ಅದು ಅಲ್ಲಿಗೆ ಹೋಗುತ್ತದೆ. ಕಾರಣ, ಹೆಣ್ಣು ಹೂವೂ ಅರಳಿದಾಗ ಅದೇ ಎಸ್ಟ್ರಾಗೋಲ್ ವಾಸನೆಯನ್ನು ಬಿಡುತ್ತದೆ, ಪ್ರಮಾಣ ಮಾತ್ರ ಕಡಿಮೆ. ಗಂಡು ಗೊಂಚಲನ್ನು ಅರಸುತ್ತ ಹಾರುವ ಹುಳುಗಳಲ್ಲಿ ಒಂದು ಪಾಲು ದಾರಿಯಲ್ಲಿ ಈ ವಾಸನೆಗೆ ಮೋಸಹೋಗಿ ಹೆಣ್ಣು ಗೊಂಚಲಿಗಿಳಿಯುತ್ತವೆ, ಒಳಗಿನ ಸಂದುಗಳಲ್ಲೆಲ್ಲ ತಡಕಾಡುತ್ತವೆ, ಏನೂ ಸಿಗದೆ ಹಾರಿಹೋಗುತ್ತವೆ. ಆ ಸ್ವಲ್ಪ ಹೊತ್ತಿನ ತಡಕಾಟದಲ್ಲಿ, ಗಾಳಿ ನುಗ್ಗಲಾರದ ಒಳಸಾಲುಗಳ ಶಲಾಕೆಗಳಿಗೂ ಪರಾಗ ಅಂಟುತ್ತದೆ.

ಹೆಣ್ಣು ಹೂವಿನ ವಾಸನೆ ಗಂಡು ಹೂವಿನಷ್ಟೇ ಬಲವಾಗಿದ್ದಿದ್ದರೆ ಹುಳುಗಳು ಅಲ್ಲೇ ಕಾಲ ಕಳೆದು ಸಂತಾನವಿಲ್ಲದೆ ಸಾಯುತ್ತಿದ್ದವು. ವಾಸನೆಯೇ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ಮರವು ಗಂಡು ಹೂಗಳನ್ನು ಮರಿಹುಳುವಿಗೆ ಮೇವಾಗಿ ಬಿಟ್ಟುಕೊಡುತ್ತದೆ, ಅದೂ ಪರಾಗ ಉದುರಿ ತನಗೆ ಬೇಡವಾದ ಮೇಲೆ. ಪ್ರತಿಯಾಗಿ ಹುಳುವಿನ ಸಂಚಾರವನ್ನು ಬಳಸಿಕೊಳ್ಳುತ್ತದೆ. ಬೆಲೆ ತೆತ್ತರೂ ನಷ್ಟವಾಗದ ವ್ಯವಹಾರ ಇದು.

ಮರ ಬಂತು, ಹುಳು ಬರಲಿಲ್ಲ

1848ರಲ್ಲಿ ಡಚ್ಚರು ಜಾವಾ ದ್ವೀಪದ ಬೋಗೋರ್ ಸಸ್ಯೋದ್ಯಾನದಲ್ಲಿ ನಾಲ್ಕು ಎಣ್ಣೆ ತಾಳೆ ಸಸಿಗಳನ್ನು ನೆಟ್ಟರು. ಆಗ್ನೇಯ ಏಷ್ಯಾದ ಇಂದಿನ ಅಪಾರ ತಾಳೆ ತೋಟಗಳ ಮೂಲದಲ್ಲಿ ಈ ನಾಲ್ಕು ಮರಗಳ ಸಂತತಿಯಿದೆ. 1917ರ ಹೊತ್ತಿಗೆ ಮಲಯಾದ (ಇಂದಿನ ಮಲೇಷ್ಯಾದ) ಸೆಲಾಂಗೋರ್‌ನಲ್ಲಿ ವಾಣಿಜ್ಯ ತೋಟ ಶುರುವಾಗಿತ್ತು. ಸಾಗರ ದಾಟಿ ಬಂದದ್ದು ಬೀಜ ಮತ್ತು ಸಸಿ. ಮೂತಿಹುಳು ವಾಸಿಸುವುದು ಬೆಳೆದ ಮರದ ಗಂಡು ಹೂವಿನಲ್ಲಿ ಮಾತ್ರವಾದ್ದರಿಂದ ಅದು ಸಸಿಯ ಜೊತೆ ಬರುವ ಸಾಧ್ಯತೆಯೇ ಇರಲಿಲ್ಲ.

ಆಗ ಎಣ್ಣೆ ತಾಳೆ ಗಾಳಿಯಿಂದ ಪರಾಗಸ್ಪರ್ಶವಾಗುವ ಬೆಳೆ ಎಂಬುದು ಒಪ್ಪಿತ ಅಭಿಪ್ರಾಯ. ಮಲೇಷ್ಯಾದ ಪರ್ಯಾಯ ದ್ವೀಪದ ಭಾಗದಲ್ಲಿ ಥ್ರಿಪ್ಸ್ ಎಂಬ ನುಸಿಯಂಥ ಸ್ಥಳೀಯ ಕೀಟ ಒಂದಿಷ್ಟು ಕೆಲಸ ಮಾಡುತ್ತಿತ್ತು. ಬೋರ್ನಿಯೋ ದ್ವೀಪದ ಸಬಾದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಅಲ್ಲಿ ಗೊನೆಗಳು ತುಂಬುತ್ತಲೇ ಇರಲಿಲ್ಲ. ತೋಟದ ಮಾಲೀಕರು ಕೈಯಿಂದ ಪರಾಗಸ್ಪರ್ಶ ಮಾಡಿಸತೊಡಗಿದರು. ಗಂಡು ಗೊಂಚಲಿನಿಂದ ಪರಾಗ ಉದುರಿಸಿ, ಒಣಗಿಸಿ, ಟಾಲ್ಕ್ ಪುಡಿಯೊಡನೆ ಬೆರೆಸಿ, ಕಾರ್ಮಿಕರ ತಂಡಗಳು ಮರದಿಂದ ಮರಕ್ಕೆ ಹೋಗಿ ಅರಳಿದ ಹೆಣ್ಣು ಗೊಂಚಲಿಗೆ ಊದುಗೊಳವೆಯಿಂದ ಊದುತ್ತಿದ್ದರು. ಹೆಣ್ಣು ಹೂವು ಎರಡು ಮೂರು ದಿನಕ್ಕೆ ಮುಚ್ಚಿಹೋಗುವುದರಿಂದ ಪ್ರತಿ ಮರವನ್ನೂ ವಾರದಲ್ಲಿ ಹಲವು ಬಾರಿ ನೋಡಬೇಕಿತ್ತು. ಮರ ಎತ್ತರವಾದಂತೆ ಇದು ಇನ್ನಷ್ಟು ದುಸ್ತರ. ಖರ್ಚೂ ಅಷ್ಟೇ ದೊಡ್ಡದು.

ಯೂನಿಲಿವರ್ ಕಂಪನಿಯ ತೋಟಗಳ ಅಧಿಕಾರಿಯಾಗಿದ್ದ ಲೆಸ್ಲಿ ಡೇವಿಡ್‌ಸನ್ ಮಲೇಷ್ಯಾ, ಕ್ಯಾಮರೂನ್ ಎರಡರ ತೋಟಗಳನ್ನೂ ಬಲ್ಲವರು. ಕ್ಯಾಮರೂನಿನಲ್ಲಿ ಯಾರೂ ಪರಾಗ ಊದದಿದ್ದರೂ ಗೊನೆಗಳು ತುಂಬಿ ಬರುತ್ತಿದ್ದುದು ಮತ್ತು ಅಲ್ಲಿನ ಗಂಡು ಹೂವಿನ ಮೇಲೆ ಹುಳುಗಳು ಮುತ್ತಿರುತ್ತಿದ್ದುದು ಅವರ ಗಮನ ಸೆಳೆಯಿತು. 1970ರ ದಶಕದ ಕೊನೆಯಲ್ಲಿ ಇದರ ಅಧ್ಯಯನವನ್ನು ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಪಾಕಿಸ್ತಾನಿ ಕೀಟವಿಜ್ಞಾನಿ ಆರ್. ಎ. ಸಯ್ಯದ್ ಕೈಗೆತ್ತಿಕೊಂಡರು. ಆಫ್ರಿಕಾದ ತಾಳೆ ಹೂವಿನಲ್ಲಿ ಎಲೈಡೋಬಿಯಸ್ ಕುಲದ ಹಲವು ಪ್ರಭೇದಗಳು ಒಟ್ಟಿಗೆ ಇರುತ್ತವೆ. ಅವುಗಳಲ್ಲಿ ಕ್ಯಾಮರೂನಿಕಸ್ ಹೆಚ್ಚು ಪರಾಗ ಹೊರುತ್ತದೆ, ಮಳೆಗಾಲ ಬೇಸಿಗೆ ಎರಡನ್ನೂ ತಾಳಿಕೊಳ್ಳುತ್ತದೆ ಎಂಬ ಕಾರಣಕ್ಕೆ ಅದರ ಆಯ್ಕೆಯಾಯಿತು. 1981ರ ಫೆಬ್ರವರಿಯಲ್ಲಿ ಮಲೇಷ್ಯಾದ ಜೊಹೋರ್ ರಾಜ್ಯದ ಕ್ಲುವಾಂಗ್ ಬಳಿ ಹುಳುಗಳನ್ನು ಬಿಡಲಾಯಿತು. ಅದರ ಬೆನ್ನಿಗೇ ಸಬಾದಲ್ಲೂ ಬಿಟ್ಟರು.

ಎಲ್ಲಿ ನೋಡಿದರೂ ಖಾಲಿ ಬಿದ್ದಿದ್ದ ಗಂಡು ಗೊಂಚಲುಗಳು. ಎರಡು ವಾರಕ್ಕೊಂದು ಹೊಸ ತಲೆಮಾರು. ಹುಳು ದೇಶದ ತುಂಬ ಹಬ್ಬಲು ಹೆಚ್ಚು ಕಾಲ ಹಿಡಿಯಲಿಲ್ಲ. ಕೈಪರಾಗಸ್ಪರ್ಶ ಬಹುತೇಕ ನಿಂತುಹೋಯಿತು. ಕಾಯಿಕಟ್ಟುವಿಕೆ ಏರಿತು, ಗೊನೆಯ ತೂಕ ಹೆಚ್ಚಿತು. ಎಲ್ಲಕ್ಕಿಂತ ಎದ್ದು ಕಂಡದ್ದು ತಾಳೆಬೀಜದ ಹೆಚ್ಚಳ. ಬೀಜವಿಲ್ಲದ ಸೊಟ್ಟ ಕಾಯಿಗಳ ಜಾಗದಲ್ಲಿ ಬೀಜವಿರುವ ಕಾಯಿಗಳು ಬಂದದ್ದರಿಂದ ಇದು ಸಹಜವೇ. ಕಾಯಿಗಳು ಒತ್ತೊತ್ತಾಗಿ ಬೆಳೆದ ಗೊನೆಗಳಿಂದ ಅವನ್ನು ಬಿಡಿಸುವುದೇ ಕಾರ್ಖಾನೆಗಳಿಗೆ ಹೊಸ ಕೆಲಸವಾಯಿತು. ಕೆಲವೇ ವರ್ಷಗಳಲ್ಲಿ ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಥಾಯ್ಲೆಂಡ್‌ಗಳಿಗೂ ಹುಳುವನ್ನು ಒಯ್ಯಲಾಯಿತು.

ಹೊರಗಿನ ಕೀಟವನ್ನು ತಂದು ಬಿಡುವುದು ಅಪಾಯವಲ್ಲವೇ

ಈ ಪ್ರಶ್ನೆ ಅಂದೂ ಇತ್ತು, ಇರಬೇಕಾದದ್ದೂ ಹೌದು. ಒಂದು ನಾಡಿನಿಂದ ಇನ್ನೊಂದು ನಾಡಿಗೆ ತಂದ ಜೀವಿಗಳು ಅನಾಹುತ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಆದ್ದರಿಂದ ಬಿಡುವ ಮುನ್ನ ಹುಳುಗಳನ್ನು ಪ್ರತ್ಯೇಕವಾಗಿಟ್ಟು, ಅವು ರೋಗಾಣು ಮತ್ತು ಪರೋಪಜೀವಿಗಳಿಂದ ಮುಕ್ತವಾಗಿವೆಯೇ ಎಂದು ನೋಡಲಾಯಿತು. ಬೇರೆ ಬೆಳೆಗಳ ಹೂವಿನಲ್ಲಿ ಅವು ಬದುಕಿ ಮರಿ ಮಾಡಬಲ್ಲವೇ ಎಂದು ಪರೀಕ್ಷಿಸಲಾಯಿತು. ಎಣ್ಣೆ ತಾಳೆಯ ಗಂಡು ಹೂ ಬಿಟ್ಟರೆ ಬೇರೆಲ್ಲೂ ಅವುಗಳ ಸಂತಾನ ಬೆಳೆಯಲಿಲ್ಲ. ನೆಲೆಯ ವಿಷಯದಲ್ಲಿ ಹುಳುವಿಗಿರುವ ಹಟವೇ ಇಲ್ಲಿ ರಕ್ಷಣೆಯಾಯಿತು. ತಾಳೆಮರವಿಲ್ಲದ ಕಡೆ ಅದಕ್ಕೆ ಬಾಳಿಲ್ಲ.

ಅಡ್ಡಪರಿಣಾಮವೇ ಇರಲಿಲ್ಲ ಎಂದಲ್ಲ. ಗಂಡು ಗೊಂಚಲಿನ ತುಂಬ ಕೊಬ್ಬಿದ ಮರಿಹುಳುಗಳು ಸಿಗತೊಡಗಿದ ಮೇಲೆ ಮಲೇಷ್ಯಾದ ತೋಟಗಳ ಇಲಿಗಳು ಅವನ್ನು ತಿನ್ನಲು ಗೊಂಚಲುಗಳನ್ನೇ ಕಡಿದು ಹಾಕತೊಡಗಿದವು.

ಭಾರತದಲ್ಲಿ

ಭಾರತಕ್ಕೆ ಈ ಮೂತಿಹುಳು ಬಂದದ್ದು 1985ರಲ್ಲಿ, ಮೊದಲು ಕೇರಳಕ್ಕೆ. ಅಲ್ಲಿಂದ ಆಂಧ್ರಪ್ರದೇಶ, ಕರ್ನಾಟಕ ಮೊದಲಾದ ರಾಜ್ಯಗಳ ತೋಟಗಳಲ್ಲಿ ಅದು ನೆಲೆಗೊಂಡಿತು. ಆಂಧ್ರದ ಪೆದವೇಗಿಯಲ್ಲಿರುವ ಭಾರತೀಯ ಎಣ್ಣೆ ತಾಳೆ ಸಂಶೋಧನಾ ಸಂಸ್ಥೆ ಈ ಬೆಳೆಯ ಸಂಶೋಧನೆಯ ಕೇಂದ್ರ. ಹಳೆಯ ತೋಟಗಳಿರುವ ಪ್ರದೇಶದಲ್ಲಿ ಹೊಸ ತೋಟಕ್ಕೆ ಹುಳು ತಾನಾಗಿಯೇ ಹಾರಿ ಬರುತ್ತದೆ. ಸುತ್ತಮುತ್ತ ಒಂದೂ ಬೆಳೆದ ತಾಳೆತೋಟವಿಲ್ಲದ ಹೊಸ ಸೀಮೆಯಲ್ಲಿ ಅದನ್ನು ತಂದೇ ಬಿಡಬೇಕಾಗುತ್ತದೆ. ವಿಧಾನ ಸರಳವಾದದ್ದು: ಮರಿಹುಳು ಮತ್ತು ಕೋಶಗಳಿರುವ ಹಳೆಯ ಗಂಡು ಗೊಂಚಲಿನ ಕಡ್ಡಿಗಳನ್ನು ತಂದು ಹೊಸ ತೋಟದಲ್ಲಿಟ್ಟರೆ ಹುಳುಗಳು ಅಲ್ಲೇ ಹೊರಬರುತ್ತವೆ. ಆದರೆ ಅಷ್ಟು ಹೊತ್ತಿಗೆ ಅಲ್ಲಿ ಗಂಡು ಹೂ ಅರಳುತ್ತಿರಬೇಕು, ಇಲ್ಲವಾದರೆ ತಂದದ್ದು ವ್ಯರ್ಥ.

ಹುಳು ಇದ್ದೂ ಗೊನೆ ಪೊಳ್ಳಾಗುವುದೇಕೆ

ಎಳೆಯ ತೋಟದಲ್ಲಿ ಈ ತೊಂದರೆ ಹೆಚ್ಚು. ನೀರು ಗೊಬ್ಬರ ಚೆನ್ನಾಗಿ ಸಿಕ್ಕ ಎಳೆಯ ಮರಗಳು ಮೊದಲ ಕೆಲವು ವರ್ಷ ಹೆಚ್ಚಾಗಿ ಹೆಣ್ಣು ಗೊಂಚಲುಗಳನ್ನೇ ಬಿಡುತ್ತವೆ. ಕಾಯಿ ಹೆಚ್ಚಾದೀತು ಎಂದು ರೈತ ಸಂತೋಷಪಡುವ ಹೊತ್ತಿನಲ್ಲೇ ಹುಳುವಿಗೆ ನೆಲೆಯೂ ಇಲ್ಲ, ಹೊರಲು ಪರಾಗವೂ ಇಲ್ಲದಂತಾಗುತ್ತದೆ. ಮರ ನೀರಿನ ಕೊರತೆಯಂಥ ಸಂಕಟಕ್ಕೆ ಸಿಕ್ಕಿದಾಗ ಇದಕ್ಕೆ ತಿರುವುಮುರುವಾಗಿ ಗಂಡು ಗೊಂಚಲುಗಳು ಹೆಚ್ಚುತ್ತವೆ. ಗೊಂಚಲು ಗಂಡೋ ಹೆಣ್ಣೋ ಎಂಬುದು ಅದು ಅರಳುವುದಕ್ಕೆ ಹೆಚ್ಚುಕಡಿಮೆ ಎರಡು ವರ್ಷ ಮೊದಲೇ ಮರದೊಳಗೆ ನಿರ್ಧಾರವಾಗುವುದರಿಂದ ಇಂದು ಕಾಣುವ ಕೊರತೆಯನ್ನು ಇಂದಿನ ಆರೈಕೆಯಿಂದ ಸರಿಪಡಿಸಲು ಬರುವುದಿಲ್ಲ.

ಜೋರು ಮಳೆ ಎಡೆಬಿಡದೆ ಸುರಿಯುವ ದಿನಗಳಲ್ಲಿ ಹುಳು ಹಾರಾಡುವುದಿಲ್ಲ, ಪರಾಗವೂ ತೊಳೆದುಹೋಗುತ್ತದೆ. ಹೂ ಅರಳುವ ಗೊಂಚಲಿಗೆ ತಾಗುವಂತೆ ಕೀಟನಾಶಕ ಸಿಂಪಡಿಸಿದರೆ ಬೆಳೆದ ಹುಳುಗಳು ಸಾಯುತ್ತವೆ. ಒಣಗಿದ ಗಂಡು ಗೊಂಚಲನ್ನು ಕಸವೆಂದು ಕೂಡಲೇ ಕಡಿದು ಸುಟ್ಟರೆ ಮುಂದಿನ ತಲೆಮಾರು ಇಡಿಯಾಗಿ ಅದರೊಡನೆ ಸುಟ್ಟುಹೋಗುತ್ತದೆ. ಇದು ತಿಳಿಯದೆ ಆಗುವ ನಷ್ಟ, ತಿಳಿದರೆ ತಪ್ಪಿಸುವುದು ಕಷ್ಟವಲ್ಲ: ಹುಳುಗಳೆಲ್ಲ ಹೊರಬಂದು ಕಡ್ಡಿಗಳು ತಾವಾಗಿ ಉದುರತೊಡಗುವವರೆಗೆ ಗೊಂಚಲನ್ನು ಮರದಲ್ಲೇ ಬಿಟ್ಟರೆ ಸಾಕು.

ಇಂಡೋನೇಷ್ಯಾದ ತೋಟಗಳಲ್ಲಿ ಗಂಡು ಹೂವಿನ ಅಭಾವವನ್ನು ನೀಗಿಸಲು ಒಂದು ಉಪಾಯ ಬಳಕೆಗೆ ಬಂದಿದೆ. ಹುಳುಗಳು ಹೊರಬರಲಿರುವ ಗೊಂಚಲುಗಳನ್ನು ತೋಟದ ನಡುವೆ ಒಂದು ಪೆಟ್ಟಿಗೆಯಲ್ಲಿಟ್ಟು, ಹೊರಬರುವ ಹುಳುಗಳ ಮೇಲೆ ಬೇರೆಡೆಯಿಂದ ತಂದ ಪರಾಗವನ್ನು ಉದುರಿಸುತ್ತಾರೆ. ಪುಡಿ ಮೆತ್ತಿಕೊಂಡ ಹುಳುಗಳು ಗಂಡು ಹೂವನ್ನರಸಿ ಹಾರಿ, ವಾಸನೆಯ ಜಾಡಿನಲ್ಲಿ ಹೆಣ್ಣು ಗೊಂಚಲುಗಳಿಗಿಳಿಯುತ್ತವೆ. ಲ್ಯಾಟಿನ್ ಅಮೆರಿಕದಲ್ಲಿ ಬೆಳೆಯುವ ಆಫ್ರಿಕಾ–ಅಮೆರಿಕ ಮಿಶ್ರತಳಿಯ ತಾಳೆಗೆ ಮಾತ್ರ ಈ ಉಪಾಯವೂ ಸಾಲದು. ಆ ತಳಿಯ ಪರಾಗದಲ್ಲಿ ಸತ್ವ ಕಡಿಮೆ, ಹುಳುವಿಗೆ ಅದರ ಹೂವಿನ ಮೇಲೆ ಅಷ್ಟು ಒಲವೂ ಇಲ್ಲ. ಹಾಗಾಗಿ ಮಲೇಷ್ಯಾ ಕೈಬಿಟ್ಟ ಕೈಪರಾಗಸ್ಪರ್ಶವನ್ನು ಅಲ್ಲಿನ ತೋಟಗಳು ಇಂದಿಗೂ ಕೂಲಿ ಕೊಟ್ಟು ಮಾಡಿಸುತ್ತಿವೆ.